ಯೋಜನೆಯ ಮೊದಲ ಪುಟ: ತಲಕಾಡಿನ ನೆಲ, ಇತಿಹಾಸ ಮತ್ತು ಜನಸಂಖ್ಯೆ ನಮಗೆ ತಿಳಿಸುವುದೇನು?



ಪ್ರತಿ ವರ್ಷ ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಡಿಯಲ್ಲಿ ನಾವು ಸಿದ್ಧಪಡಿಸುವ ಅಭಿವೃದ್ಧಿ ಯೋಜನೆಯ ಮೊದಲ ಪುಟದಲ್ಲಿ ‘ಗ್ರಾಮ ಪಂಚಾಯತಿಯ ಪರಿಚಯ’ ಎಂಬ ಭಾಗವಿರುತ್ತದೆ. ಊರು ಎಲ್ಲಿದೆ, ಅದರ ಹಿನ್ನೆಲೆ ಏನು, ಜನಸಂಖ್ಯೆ ಎಷ್ಟು ಎಂಬ ಮೂರು ವಿಷಯಗಳನ್ನು ಅದರಲ್ಲಿ ಬರೆಯಲಾಗುತ್ತದೆ. ಬಹುತೇಕ ಕಡೆ ಈ ಪುಟವನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ವರ್ಷದ ಪುಟವನ್ನೇ ತೆಗೆದು ವರ್ಷವನ್ನು ಮಾತ್ರ ಬದಲಾಯಿಸಲಾಗುತ್ತದೆ. ಗ್ರಾಮ ಸಭೆಯಲ್ಲಿ ಓದುವಾಗಲೂ ಅದನ್ನು ದಾಟಿಸಿ ನೇರವಾಗಿ ಕಾಮಗಾರಿಗಳ ಪಟ್ಟಿಗೆ ಹೋಗುವುದು ರೂಢಿಯಾಗಿದೆ.

ಈ ರೂಢಿಯಿಂದ ಆಗುವ ನಷ್ಟವನ್ನು ನಾನು ಸ್ವತಃ ಕಂಡಿದ್ದೇನೆ. ನನ್ನ ಮೊದಲ ಕಾರ್ಯಸ್ಥಳದಲ್ಲಿ ಒಂದು ಜನವಸತಿಗೆ ಮೇಲ್ತೊಟ್ಟಿಯ ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ ಪರಿಚಯ ಪುಟದಲ್ಲಿದ್ದ ಹಳೆಯ ಜನಸಂಖ್ಯೆಯನ್ನೇ ಬಳಸಿದೆ. ಇಂಜಿನಿಯರಿಂಗ್ ಓದಿದ್ದ ನನಗೆ ಗುಣಾಕಾರ ತಪ್ಪಲಿಲ್ಲ, ಆದರೆ ಗುಣಿಸಿದ ಅಂಕಿಯೇ ಹಳೆಯದಾಗಿತ್ತು. ಬೇಸಿಗೆ ಬಂದಾಗ ಊರಿನ ಕೊನೆಯ ಬೀದಿಗೆ, ಹೊಸದಾಗಿ ಮನೆ ಕಟ್ಟಿಕೊಂಡಿದ್ದ ಕುಟುಂಬಗಳಿಗೆ, ನೀರು ತಲುಪಲಿಲ್ಲ. ಗ್ರಾಮ ಸಭೆಯಲ್ಲಿ ಆ ಬೀದಿಯ ವೃದ್ಧೆಯೊಬ್ಬರು, “ನಿಮ್ ಲೆಕ್ಕದಲ್ಲಿ ನಾವಿಲ್ವಾ ಸ್ವಾಮಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ನಿಜವಾಗಿಯೂ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಆದ್ದರಿಂದ ಈ ಮೊದಲ ಪುಟದ ಮಹತ್ವವನ್ನು ನಮ್ಮ ಜಿಲ್ಲೆಯದೇ ಆದ ಒಂದು ಪುಟ್ಟ ಊರಿನ ಉದಾಹರಣೆಯ ಮೂಲಕ ವಿವರಿಸಲು ಈ ಲೇಖನದಲ್ಲಿ ಪ್ರಯತ್ನಿಸಿದ್ದೇನೆ. ಆ ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡು. ನೆಲ, ಇತಿಹಾಸ ಮತ್ತು ಜನಸಂಖ್ಯೆ ಈ ಮೂರೂ ಕಾಲಕಾಲಕ್ಕೆ ಬದಲಾಗುತ್ತವೆ, ಒಂದರ ಬದಲಾವಣೆ ಮತ್ತೊಂದನ್ನು ಬದಲಿಸುತ್ತದೆ ಎಂಬುದನ್ನು ತಲಕಾಡಿನಷ್ಟು ಸ್ಪಷ್ಟವಾಗಿ ತೋರಿಸುವ ಊರು ನಮ್ಮ ಸುತ್ತಮುತ್ತ ಮತ್ತೊಂದಿಲ್ಲ.

1. ನೆಲ ಮತ್ತು ನೀರು

ತಲಕಾಡು ಮೈಸೂರು ನಗರದಿಂದ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಕಾವೇರಿ ನದಿಯ ಎಡದಂಡೆಯ ಮೇಲಿರುವ ಹೋಬಳಿ ಕೇಂದ್ರ. ಕೊಡಗಿನ ಕಡೆಯಿಂದ ಹರಿದು ಬರುವ ಕಾವೇರಿಯನ್ನು ತಿರುಮಕೂಡಲಿನಲ್ಲಿ ಕಬಿನಿ ಸೇರುತ್ತದೆ. ಹೀಗೆ ಒಂದಾದ ಹೊಳೆ ಮುಂದೆ ತಲಕಾಡಿನ ಬಳಿ ದೊಡ್ಡ ತಿರುವನ್ನು ತೆಗೆದುಕೊಂಡು ಶಿವನಸಮುದ್ರದ ಕಡೆಗೆ ಸಾಗುತ್ತದೆ.

ಈ ಒಂದು ವಾಕ್ಯದಲ್ಲಿಯೇ ಯೋಜನೆಗೆ ಬೇಕಾದ ಎರಡು ಮುಖ್ಯ ಸಂಗತಿಗಳಿವೆ. ಮೊದಲನೆಯದಾಗಿ, ತಲಕಾಡು ಎರಡು ನದಿಗಳ ಸಂಗಮದ ಕೆಳಭಾಗದಲ್ಲಿದೆ. ಕೃಷ್ಣರಾಜಸಾಗರ ಮತ್ತು ಕಬಿನಿ ಎಂಬ ಎರಡು ಜಲಾಶಯಗಳಿಂದ ಏಕಕಾಲಕ್ಕೆ ಹೆಚ್ಚಿನ ನೀರು ಬಿಟ್ಟರೆ ಅದೆಲ್ಲವೂ ಈ ದಂಡೆಯನ್ನು ಹಾದುಹೋಗಬೇಕು. ಸಂಗಮದ ಮೇಲ್ಭಾಗದ ಊರಿಗೆ ಒಂದು ಜಲಾಶಯದ ಮುನ್ನೆಚ್ಚರಿಕೆ ಸಾಕಾಗಬಹುದು, ಕೆಳಭಾಗದ ಊರಿಗೆ ಎರಡರ ಮುನ್ನೆಚ್ಚರಿಕೆಯೂ ಬೇಕು. ಎರಡನೆಯದಾಗಿ, ನದಿಯು ತಿರುಗುವ ಸ್ಥಳದಲ್ಲಿ ನೀರಿನ ವೇಗ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ತಿರುವಿನ ಹೊರಬದಿಯಲ್ಲಿ ವೇಗ ಹೆಚ್ಚಾಗಿ ದಂಡೆ ಕೊರೆಯುತ್ತದೆ, ಒಳಬದಿಯಲ್ಲಿ ವೇಗ ತಗ್ಗಿ ಹೊತ್ತು ತಂದ ಮರಳು ನಿಲ್ಲುತ್ತದೆ. ಯಾವುದೇ ಹೊಳೆಯ ದಂಡೆಯಲ್ಲಿ ಸ್ನಾನಘಟ್ಟ, ಪಂಪ್‌ಹೌಸ್ ಅಥವಾ ಸ್ಮಶಾನಕ್ಕೆ ಜಾಗ ಗುರುತಿಸುವಾಗ ನಾವು ತಿರುವಿನ ಯಾವ ಬದಿಯಲ್ಲಿದ್ದೇವೆ ಎಂಬುದನ್ನು ಮೊದಲು ನೋಡಬೇಕು.

ತಲಕಾಡಿನ ನೆಲದ ಮೂರನೆಯ ಅಂಶ ಮರಳು. ಇಂದಿನ ಊರಿಗೂ ನದಿಗೂ ನಡುವೆ ಮರಳಿನ ದಿಬ್ಬಗಳು ಹಬ್ಬಿವೆ. ಹಳೆಯ ತಲಕಾಡು ಇರುವುದು ಅವುಗಳ ಅಡಿಯಲ್ಲಿ. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಮರಳಿನಲ್ಲಿ ಹೂತುಹೋಗಿವೆ ಎಂಬ ಪ್ರತೀತಿಯಿದೆ. ಇಂದಿಗೂ ಪಾತಾಳೇಶ್ವರ ಮತ್ತು ಕೀರ್ತಿನಾರಾಯಣ ದೇವಾಲಯಗಳಿಗೆ ಹೋಗುವವರು ದಿಬ್ಬ ಹತ್ತಿ, ಮತ್ತೆ ಮರಳಿನ ಮಟ್ಟದಿಂದ ಕೆಳಗಿಳಿಯಬೇಕು.

2. ಮರಳು ಹೇಗೆ ನಡೆಯಿತು?

ತಲಕಾಡಿನ ಮರಳಿನ ಬಗ್ಗೆ ನಮ್ಮೆಲ್ಲರಿಗೂ ತಿಳಿದಿರುವುದು ಅಲಮೇಲಮ್ಮನ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿಯಾಗಿದ್ದವರ ಪತ್ನಿಯಾದ ಆಕೆ ತನ್ನ ಒಡವೆಗಳೊಡನೆ ತಲಕಾಡಿನ ಸಮೀಪಕ್ಕೆ ಬಂದು, ರಾಜಭಟರು ಬೆನ್ನಟ್ಟಿದಾಗ ಶಾಪವಿಟ್ಟು ಕಾವೇರಿಯ ಮಡುವಿಗೆ ಹಾರಿದಳೆಂದು ಜನ ಹೇಳುತ್ತಾರೆ. ತಲಕಾಡಿಗೆ ಮರಳು, ಎದುರು ದಂಡೆಯ ಮಾಲಂಗಿಗೆ ಮಡು, ಅರಸರಿಗೆ ಸಂತಾನವಿಲ್ಲದಿರುವಿಕೆ ಎಂಬುದು ಆ ಶಾಪದ ಮೂರು ಭಾಗಗಳು. ಈ ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಶತಮಾನಗಳ ಕಾಲ ತಮ್ಮ ಮನೆಗಳು ಮರಳಿನ ಕೆಳಗೆ ಹೋಗುವುದನ್ನು ಕಂಡ ಜನ ಅದಕ್ಕೊಂದು ಕಾರಣವನ್ನು ಹುಡುಕಿಕೊಂಡರು ಎಂಬುದನ್ನು ನಾವು ಗಮನಿಸಬೇಕು.

ವಿಜ್ಞಾನಿಗಳು ನೀಡುವ ವಿವರಣೆಗಳು ಬೇರೆ. ತಲಕಾಡಿನ ಮೇಲ್ಭಾಗದಲ್ಲಿ ಕಾವೇರಿಗೆ ಅಡ್ಡಲಾಗಿ 14ನೇ ಶತಮಾನದಲ್ಲಿ ಕಟ್ಟಿದ ಮಾಧವ ಮಂತ್ರಿ ಅಣೆಕಟ್ಟು ಇದೆ. ಅಣೆಕಟ್ಟಿನಿಂದ ನೀರು ನಾಲೆಗೆ ತಿರುಗಿದಾಗ ಕೆಳಗಿನ ಪಾತ್ರದಲ್ಲಿ ಹರಿವು ತಗ್ಗಿ, ತಿರುವಿನಲ್ಲಿ ಸಂಗ್ರಹವಾಗಿದ್ದ ಮರಳು ಗಾಳಿಗೆ ತೆರೆದುಕೊಂಡಿತು, ಗಾಳಿ ಅದನ್ನು ಊರಿನ ಕಡೆಗೆ ಸಾಗಿಸಿತು ಎಂಬ ವಿವರಣೆಯನ್ನು ಕೃಷಿ ವಿಜ್ಞಾನಿ ಹಾಗೂ ಲೇಖಕ ಕೆ.ಎನ್. ಗಣೇಶಯ್ಯ ಅವರು ಮಂಡಿಸಿದ್ದಾರೆ. ಭೂಮಿಯ ಪದರಗಳ ಚಲನೆಯಿಂದ ನದಿಯ ಪಾತ್ರವೇ ಸರಿದದ್ದು ಕಾರಣವಿರಬಹುದು ಎಂದು ಹೇಳುವ ಭೂವಿಜ್ಞಾನಿಗಳೂ ಇದ್ದಾರೆ.

ಗಾಳಿ ಮರಳನ್ನು ಸಾಗಿಸುವ ಕ್ರಮ ಸರಳವಾದುದು. ಒಣಗಿದ ಮರಳಿನ ಕಣ ಗಾಳಿಗೆ ಎದ್ದು ಸ್ವಲ್ಪ ದೂರ ಹಾರಿ ಬೀಳುತ್ತದೆ. ಬಿದ್ದ ರಭಸಕ್ಕೆ ಮತ್ತೊಂದು ಕಣ ಏಳುತ್ತದೆ. ಹೀಗೆ ಕಣಗಳು ದಿಬ್ಬದ ಗಾಳಿ ಬೀಸುವ ಬದಿಯನ್ನು ಹತ್ತಿ, ನೆತ್ತಿ ದಾಟಿ ಮರುಬದಿಗೆ ಜಾರುತ್ತವೆ. ಹಿಂದಿನ ಬದಿ ಸವೆದು ಮುಂದಿನ ಬದಿ ಬೆಳೆಯುವುದರಿಂದ ಇಡೀ ದಿಬ್ಬವೇ ಮುಂದಕ್ಕೆ ನಡೆದಂತಾಗುತ್ತದೆ. ಇದನ್ನು ತಡೆಯಲು ನೆಲದ ಮಟ್ಟದಲ್ಲಿ ಗಾಳಿಯ ವೇಗವನ್ನು ತಗ್ಗಿಸಬೇಕು. ಅದಕ್ಕೆ ಗೋಡೆಗಿಂತ ಮರಗಿಡಗಳೇ ಉತ್ತಮ, ಏಕೆಂದರೆ ಗೋಡೆಯನ್ನು ಮರಳು ತುಂಬಿ ದಾಟುತ್ತದೆ, ಮರವಾದರೆ ಮರಳಿನೊಡನೆ ತಾನೂ ಮೇಲೇಳುತ್ತದೆ. ಇಂದು ತಲಕಾಡಿನ ದಿಬ್ಬಗಳ ಮೇಲೆ ನೀಲಗಿರಿ ಮೊದಲಾದ ಮರಗಳ ನೆರಳಿನಲ್ಲಿ ನಾವು ನಡೆದುಹೋಗುತ್ತೇವೆ. ಆ ಮರಗಳನ್ನು ನೋಡಲು ಬಂದವರಾರೂ ಇಲ್ಲ, ಆದರೆ ಊರನ್ನು ಇದ್ದಲ್ಲಿಯೇ ಉಳಿಸುವುದರಲ್ಲಿ ಅವುಗಳ ಪಾಲು ದೊಡ್ಡದು.

3. ಜನ ಹಿಂದೆ ಸರಿದರು, ಊರು ಬೆಳೆಯಿತು

20ನೇ ಶತಮಾನದ ಆರಂಭದ ಗೆಜೆಟಿಯರ್‌ಗಳಲ್ಲಿ ತಲಕಾಡಿನ ಬಗ್ಗೆ ಒಂದು ಗಮನಾರ್ಹ ವಿವರವಿದೆ. ಮರಳಿನ ದಿಬ್ಬಗಳು ಮುಖ್ಯವಾಗಿ ನೈರುತ್ಯ ಮಾರುತದ ಕಾಲದಲ್ಲಿ ವರ್ಷಕ್ಕೆ 9ರಿಂದ 10 ಅಡಿಯಷ್ಟು ಊರಿನ ಕಡೆಗೆ ಮುನ್ನುಗ್ಗುತ್ತಿದ್ದವು. ಮೂರು ಕಡೆಗಳಿಂದ ಮರಳು ಒತ್ತಿದಾಗ ನಿವಾಸಿಗಳು ಮನೆಗಳನ್ನು ತೊರೆದು ಒಳನಾಡಿನ ಕಡೆಗೆ ಸರಿಯುತ್ತಿದ್ದರು. ವರ್ಷಕ್ಕೆ 10 ಅಡಿ ಎಂದರೆ ಕೇಳಲು ಅಲ್ಪ. ಆದರೆ 25 ವರ್ಷಗಳ ಒಂದು ತಲೆಮಾರಿಗೆ ಅದು 250 ಅಡಿ, ಅಂದರೆ ಒಂದು ಬೀದಿ ಪೂರ್ತಿ. ಅಜ್ಜ ಹುಟ್ಟಿದ ಮನೆಯನ್ನು ಮೊಮ್ಮಗ ನೋಡುವಂತಿರಲಿಲ್ಲ.

ಅದೇ ವಿವರದ ಮುಂದುವರಿದ ಭಾಗ ನಮಗೆ ಇನ್ನೂ ಮುಖ್ಯ. ಹೀಗೆ ಹಿಂದೆ ಸರಿಯುತ್ತಿದ್ದರೂ ಊರಿನ ಜನಸಂಖ್ಯೆ ಏರುತ್ತಿತ್ತು. ಮಾಧವ ಮಂತ್ರಿ ನಾಲೆಯಿಂದ ಸುತ್ತಲಿನ ಗದ್ದೆಗಳಿಗೆ ದೊರೆತ ನೀರಾವರಿಯೇ ಅದಕ್ಕೆ ಕಾರಣ. ಅಣೆಕಟ್ಟು ಮರಳಿಗೆ ಕಾರಣವಾಯಿತು ಎಂಬ ವಿವರಣೆಯನ್ನು ಒಪ್ಪುವುದಾದರೆ, ಊರನ್ನು ಹೂಳಿದ್ದೂ ಊರನ್ನು ಸಾಕಿದ್ದೂ ಒಂದೇ ಕಾಮಗಾರಿ ಎಂದಾಗುತ್ತದೆ. ಗದ್ದೆಗೆ ಬಂದ ನೀರಿನ ಲಾಭ ಒಂದೆರಡು ವರ್ಷಗಳಲ್ಲಿ ಕಂಡಿರಬೇಕು, ಮರಳಿನ ನಷ್ಟ ಕಾಣಲು ತಲೆಮಾರುಗಳು ಬೇಕಾದವು. ನಾವು ಅನುಮೋದಿಸುವ ಚೆಕ್ ಡ್ಯಾಂ, ಚರಂಡಿ, ರಸ್ತೆಯ ಏರಿ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ನೀರು ಎಲ್ಲಿಂದ ತಿರುಗಿತು ಎಂಬುದರ ಜೊತೆಗೆ, ಎಲ್ಲಿಗೆ ಬಾರದಂತಾಯಿತು ಎಂಬುದನ್ನೂ ಕಡತದಲ್ಲಿ ಬರೆಯಬೇಕು.

4. ಇತಿಹಾಸ: ರಾಜಧಾನಿಯಿಂದ ಗ್ರಾಮದವರೆಗೆ

ತಲ ಮತ್ತು ಕಾಡ ಎಂಬ ಇಬ್ಬರು ಬೇಡ ಸಹೋದರರಿಂದ ಊರಿಗೆ ಈ ಹೆಸರು ಬಂತೆಂಬುದು ಸ್ಥಳೀಯ ಐತಿಹ್ಯ. ಸಂಸ್ಕೃತದಲ್ಲಿ ಇದನ್ನು ತಲವನಪುರ ಎಂದು ಕರೆಯಲಾಗಿದೆ. ಕುವಲಾಲ, ಅಂದರೆ ಇಂದಿನ ಕೋಲಾರದಿಂದ ಆಳುತ್ತಿದ್ದ ಗಂಗರು ಹರಿವರ್ಮನ ಕಾಲದಲ್ಲಿ ತಲಕಾಡನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಅವರ ನಾಡನ್ನು ಶಾಸನಗಳು ‘ಗಂಗವಾಡಿ 96000’ ಎಂದು ಕರೆಯುತ್ತವೆ. ಈ ಸಂಖ್ಯೆ ಹಳ್ಳಿಗಳದ್ದೋ, ಹುಟ್ಟುವಳಿಯದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಏನೇ ಇರಲಿ, ನಾಡಿನ ಹೆಸರಿನ ಜೊತೆ ಒಂದು ಸಂಖ್ಯೆಯನ್ನು ಇಟ್ಟು ಆಡಳಿತ ನಡೆಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯ ಗಂಗರ ಮಂತ್ರಿಯಾಗಿದ್ದವನು.

11ನೇ ಶತಮಾನದ ಆರಂಭದಲ್ಲಿ ತಲಕಾಡು ಚೋಳರ ವಶವಾಗಿ ‘ರಾಜರಾಜಪುರ’ ಎಂಬ ಹೆಸರು ಪಡೆಯಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು. ಕೀರ್ತಿನಾರಾಯಣ ದೇವಾಲಯ ಆ ವಿಜಯದ ನೆನಪಿನದು. ಮುಂದೆ ವಿಜಯನಗರದ ಆಳ್ವಿಕೆ, ಬಳಿಕ 17ನೇ ಶತಮಾನದಲ್ಲಿ ಮೈಸೂರು ಒಡೆಯರ ಆಳ್ವಿಕೆ. 20ನೇ ಶತಮಾನದಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಮರಳಿನಿಂದ ಬಿಡಿಸಲಾಯಿತು. 1990ರ ದಶಕದಲ್ಲಿ ನಡೆದ ಪುರಾತತ್ತ್ವ ಉತ್ಖನನಗಳು ಮರಳಿನ ಕೆಳಗಿನ ಜನವಸತಿಯ ಕುರುಹುಗಳನ್ನು ಬೆಳಕಿಗೆ ತಂದವು.

ಇತಿಹಾಸವನ್ನು ಬರೆಯುವಾಗ ಒಂದು ಎಚ್ಚರಿಕೆಯೂ ಅಗತ್ಯ. ನಾನು ವಾಸಿಸುವುದು ಮೈಸೂರು ನಗರದ ವಿದ್ಯಾರಣ್ಯಪುರಂ ಬಡಾವಣೆಯಲ್ಲಿ. ಅದಕ್ಕೆ ಹೆಸರು ಕೊಟ್ಟ ವಿದ್ಯಾರಣ್ಯರು 14ನೇ ಶತಮಾನದ ಶೃಂಗೇರಿಯ ಯತಿಗಳು. ಅವರ ಪೂರ್ವಾಶ್ರಮದ ಹೆಸರು ಮಾಧವ ಎಂಬುದು ಸಂಪ್ರದಾಯ. ಅಣೆಕಟ್ಟಿನ ಮಾಧವ ಮಂತ್ರಿಯೂ ಅದೇ ಶತಮಾನದವನು. ಹೆಸರು ಮತ್ತು ಕಾಲ ಒಂದೇ ಆಗಿರುವುದರಿಂದ ಇಬ್ಬರೂ ಒಬ್ಬರೇ ಎಂದು ಬರೆಯುವವರಿದ್ದಾರೆ. ಆದರೆ ಅವರು ಬೇರೆ ಬೇರೆ ವ್ಯಕ್ತಿಗಳೆಂದು ವಿದ್ವಾಂಸರು ಶಾಸನಗಳ ಆಧಾರದಿಂದ ತೋರಿಸಿದ್ದಾರೆ. ನಮ್ಮ ಊರಿನ ಇತಿಹಾಸವನ್ನು ಪರಿಚಯ ಪುಟದಲ್ಲಿ ಸೇರಿಸುವಾಗ ಐತಿಹ್ಯವನ್ನು ಐತಿಹ್ಯವೆಂದೂ, ಶಾಸನದಲ್ಲಿರುವುದನ್ನು ಶಾಸನದಲ್ಲಿದೆ ಎಂದೂ ಬೇರ್ಪಡಿಸಿ ಬರೆಯಬೇಕು. ಎರಡಕ್ಕೂ ಅದರದರ ಬೆಲೆಯಿದೆ.

ಇತಿಹಾಸದಿಂದ ಕಾಮಗಾರಿಗೆ ಏನು ಪ್ರಯೋಜನ ಎಂದು ಕೆಲವು ಸದಸ್ಯರು ಕೇಳುತ್ತಾರೆ. ಒಂದು ಪ್ರಯೋಜನವಂತೂ ನೇರವಾದುದು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶ ಎಂದು ಕಾಯ್ದೆ ಹೇಳುತ್ತದೆ. ನಮ್ಮ ವ್ಯಾಪ್ತಿಯಲ್ಲಿ ಅಂತಹ ಸ್ಮಾರಕವಿದ್ದರೆ ಮನೆ ನಿರ್ಮಾಣ, ಚರಂಡಿ, ಶೌಚಾಲಯ ಸಂಕೀರ್ಣ ಎಲ್ಲದಕ್ಕೂ ಈ ಅಳತೆ ಅನ್ವಯಿಸುತ್ತದೆ. ಕಾಮಗಾರಿ ಅರ್ಧವಾದ ಮೇಲೆ ನೋಟಿಸು ಬಂದು ಹಣ ವ್ಯರ್ಥವಾಗುವುದಕ್ಕಿಂತ, ಮೊದಲ ಪುಟದಲ್ಲಿಯೇ ಸ್ಮಾರಕವನ್ನು ನಮೂದಿಸಿ ಅಂತರವನ್ನು ಗುರುತಿಸಿಕೊಳ್ಳುವುದು ಒಳಿತು.

5. ಜನಸಂಖ್ಯೆ: ಅಂಕಿ ಮತ್ತು ಅದರ ದಿನಾಂಕ

ನಮ್ಮ ಸಂಸ್ಥಾನದಲ್ಲಿ ವ್ಯವಸ್ಥಿತ ಜನಗಣತಿ ನಡೆದದ್ದು 1871ರಲ್ಲಿ. ಆಗ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ. ಹತ್ತು ವರ್ಷಗಳ ನಂತರ, 1881ರ ಗಣತಿಯಲ್ಲಿ ಅದು ಸುಮಾರು 41.86 ಲಕ್ಷಕ್ಕೆ ಇಳಿದಿತ್ತು. ಈ ಎರಡು ಗಣತಿಗಳ ನಡುವೆ 1876-78ರ ಭೀಕರ ಕ್ಷಾಮ ಸಂಭವಿಸಿತ್ತು. 1871ರ ಅಂಕಿಯನ್ನೇ ನೆಚ್ಚಿಕೊಂಡು ಯಾರಾದರೂ 1880ರಲ್ಲಿ ಲೆಕ್ಕ ಹಾಕಿದ್ದರೆ, ಆ ಲೆಕ್ಕದಲ್ಲಿ ಸತ್ತವರೂ ಬದುಕಿರುತ್ತಿದ್ದರು. ಜನಸಂಖ್ಯೆಯ ಅಂಕಿಗೆ ಯಾವಾಗಲೂ ಒಂದು ದಿನಾಂಕವಿರುತ್ತದೆ ಎಂಬುದನ್ನು ನೆನಪಿಡಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ತಲಕಾಡಿನ ಜನಸಂಖ್ಯೆ 1901ರಲ್ಲಿ ನಾಲ್ಕು ಸಾವಿರದ ಒಳಗಿತ್ತು. ಒಂದು ಕಾಲದ ರಾಜಧಾನಿ ಆ ಹೊತ್ತಿಗೆ ದಾಖಲೆಗಳಲ್ಲಿ ಗ್ರಾಮವಾಗಿತ್ತು. ಊರು ಪಟ್ಟಣವೇ ಗ್ರಾಮವೇ ಎಂಬುದನ್ನು ಇಂದು ತೀರ್ಮಾನಿಸುವುದು ಅದರ ಇತಿಹಾಸವಲ್ಲ. ಜನಗಣತಿಯಲ್ಲಿ ಒಂದು ಊರನ್ನು ಪಟ್ಟಣವೆಂದು ಗುರುತಿಸಲು, ಅದು ಪುರಸಭೆಯಂತಹ ನಗರ ಸಂಸ್ಥೆಯನ್ನು ಹೊಂದಿಲ್ಲದಿದ್ದರೆ, ಕನಿಷ್ಠ 5,000 ಜನಸಂಖ್ಯೆ, ಪುರುಷ ಮುಖ್ಯ ಕೆಲಸಗಾರರಲ್ಲಿ ಕನಿಷ್ಠ ಶೇ. 75ರಷ್ಟು ಮಂದಿ ಕೃಷಿಯೇತರ ವೃತ್ತಿಯಲ್ಲಿರುವುದು ಮತ್ತು ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ ಈ ಮೂರೂ ಇರಬೇಕು. ಬಸ್ ನಿಲ್ದಾಣ, ಅಂಗಡಿ ಬೀದಿ, ಹೋಟೆಲುಗಳಿದ್ದು ನೋಡಲು ಪಟ್ಟಣದಂತಿದ್ದರೂ ಜನರು ಹೆಚ್ಚಾಗಿ ಗದ್ದೆಯನ್ನೇ ನಂಬಿದ್ದರೆ ಅದು ಗಣತಿಯ ದೃಷ್ಟಿಯಲ್ಲಿ ಗ್ರಾಮವೇ. ನಮ್ಮ ಜಿಲ್ಲೆಯ ಅನೇಕ ಹೋಬಳಿ ಕೇಂದ್ರಗಳು ಈ ಎರಡರ ನಡುವೆ ನಿಂತಿವೆ. ಕಸ, ಒಳಚರಂಡಿ, ವಾಹನ ನಿಲುಗಡೆಯಂತಹ ಅವುಗಳ ಸಮಸ್ಯೆಗಳು ಪಟ್ಟಣದವು, ಆದಾಯ ಮಾತ್ರ ಗ್ರಾಮದ್ದು.

ಕಾನೂನಿನಲ್ಲಿ ‘ಜನಸಂಖ್ಯೆ’ ಎಂಬ ಪದಕ್ಕೆ ನಿರ್ದಿಷ್ಟ ಅರ್ಥವಿದೆ. ಸಂವಿಧಾನದ 243ನೇ ಅನುಚ್ಛೇದದ ಪ್ರಕಾರ, ಅಂಕಿಅಂಶಗಳು ಪ್ರಕಟವಾಗಿರುವ ಹಿಂದಿನ ಜನಗಣತಿಯಲ್ಲಿ ಕಂಡುಬಂದ ಸಂಖ್ಯೆಯೇ ಜನಸಂಖ್ಯೆ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯದ ಕಾರಣ, ಮುಂದಿನ ಗಣತಿಯ ಅಂಕಿಗಳು ಪ್ರಕಟವಾಗುವವರೆಗೆ 2011ರ ಅಂಕಿಯೇ ಆಧಾರ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರಿರಬೇಕು. ತಾವು ಪ್ರತಿನಿಧಿಸುವ ಸ್ಥಾನವೂ ಈ ಅಂಕಿಯಿಂದಲೇ ಹುಟ್ಟಿದೆ. 15ನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚುವಾಗ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10 ಪ್ರಾಮುಖ್ಯ ನೀಡಿತು.

ಆದರೆ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರು 2011ರವರಲ್ಲ, ಇಂದಿನವರು. ಒಂದು ಲೆಕ್ಕವನ್ನು ನೋಡೋಣ. 2001ರಲ್ಲಿ 26,41,027 ಇದ್ದ ಮೈಸೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 30,01,127 ಆಯಿತು, ಅಂದರೆ ದಶಕದಲ್ಲಿ ಶೇ. 13.63ರಷ್ಟು ಏರಿಕೆ. 2011ರಲ್ಲಿ 2,400 ಜನರಿದ್ದ ಒಂದು ಹಳ್ಳಿ ಇದೇ ವೇಗದಲ್ಲಿ ಬೆಳೆದಿದೆ ಎಂದುಕೊಂಡರೆ, 15 ವರ್ಷಗಳಲ್ಲಿ ಅದು ಸುಮಾರು 2,900ಕ್ಕೆ ಮುಟ್ಟುತ್ತದೆ. ಜಲ ಜೀವನ್ ಮಿಷನ್‌ನ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕು. 2,400 ಜನರಿಗೆ 1,32,000 ಲೀಟರ್, 2,900 ಜನರಿಗೆ 1,59,500 ಲೀಟರ್. ವ್ಯತ್ಯಾಸ ದಿನಕ್ಕೆ 27,500 ಲೀಟರ್, ಅಂದರೆ 5,000 ಲೀಟರಿನ ಐದೂವರೆ ಟ್ಯಾಂಕರ್. ಕೊನೆಯ ಬೀದಿಗೆ ನೀರು ಬಾರದಿರುವುದಕ್ಕೆ ನೀರಗಂಟಿಯನ್ನು ಬೈಯುವ ಮೊದಲು ಈ ಐದೂವರೆ ಟ್ಯಾಂಕರ್ ಎಲ್ಲಿ ಹೋಯಿತೆಂದು ನಮ್ಮ ಲೆಕ್ಕವನ್ನೇ ಕೇಳಿಕೊಳ್ಳಬೇಕು.

ಜಿಲ್ಲೆಯ ಸರಾಸರಿ ಎಲ್ಲ ಹಳ್ಳಿಗೂ ಹೊಂದುವುದಿಲ್ಲ ಎಂಬುದೂ ನಿಜ. ನಗರದ ಅಂಚಿನ ಹಳ್ಳಿಗಳು ಬಡಾವಣೆಗಳಿಂದ ವೇಗವಾಗಿ ಬೆಳೆದಿವೆ. ದೂರದ ಕೆಲವು ಹಳ್ಳಿಗಳಲ್ಲಿ ಯುವಕರು ಕೆಲಸಕ್ಕಾಗಿ ಊರು ಬಿಟ್ಟು, ಹಿರಿಯರು ಮಾತ್ರ ಉಳಿದಿದ್ದಾರೆ. ಆದ್ದರಿಂದ ಕಾನೂನಿನ ಕೆಲಸಕ್ಕೆ ಗಣತಿಯ ಅಂಕಿ, ಸೌಕರ್ಯಗಳ ಅಂದಾಜಿಗೆ ಇಂದಿನ ಎಣಿಕೆ ಎಂದು ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯುವುದೇ ಸರಿಯಾದ ಕ್ರಮ.

6. ಬಂದುಹೋಗುವವರ ಲೆಕ್ಕ

ಯಾವ ಗಣತಿಯಲ್ಲೂ ಆ ಊರಿನವರೆಂದು ಸೇರದ ಜನರೂ ಇದ್ದಾರೆ. ತಲಕಾಡಿನ ವೈದ್ಯೇಶ್ವರ, ಪಾತಾಳೇಶ್ವರ, ಮರಳೇಶ್ವರ, ಅರ್ಕೇಶ್ವರ ಹಾಗೂ ಮುಡುಕುತೊರೆಯ ಮಲ್ಲಿಕಾರ್ಜುನ ಈ ಐದು ಲಿಂಗಗಳ ಪಂಚಲಿಂಗ ದರ್ಶನ ಕಾರ್ತಿಕ ಮಾಸದ ಸೋಮವಾರ ವಿಶೇಷ ಯೋಗಗಳು ಕೂಡಿಬಂದ ವರ್ಷಗಳಲ್ಲಿ ಮಾತ್ರ ನಡೆಯುತ್ತದೆ. 2009, 2013 ಮತ್ತು 2020ರಲ್ಲಿ ಅದು ನಡೆಯಿತು. 2020ರ ಡಿಸೆಂಬರಿನ ದರ್ಶನಕ್ಕೆ ಕೋವಿಡ್ ಕಾರಣದಿಂದ ಜನರ ಸಂಖ್ಯೆಯನ್ನು ಮಿತಿಗೊಳಿಸಬೇಕಾಯಿತು. ಇದಲ್ಲದೆ ಮುಡುಕುತೊರೆಯ ವಾರ್ಷಿಕ ಜಾತ್ರೆ, ದನಗಳ ಜಾತ್ರೆ, ರಜಾದಿನಗಳ ಪ್ರವಾಸಿಗರು ಇದ್ದೇ ಇದ್ದಾರೆ.

ಕೆಲವು ಸಾವಿರ ಜನರ ಊರಿಗೆ ಹಲವು ಪಟ್ಟು ಜನ ಒಂದೇ ದಿನ ಬಂದಾಗ ನೀರು, ಶೌಚಾಲಯ, ಕಸ, ಪ್ರಥಮ ಚಿಕಿತ್ಸೆ ಎಲ್ಲವೂ ಸ್ಥಳೀಯ ಸಂಸ್ಥೆಯ ಹೊಣೆಯಾಗುತ್ತದೆ. ಹೊಳೆಯ ದಂಡೆಯಲ್ಲಿ ಈಜು ಬಾರದವರ ಪ್ರಾಣದ ಪ್ರಶ್ನೆಯೂ ಇದೆ. ಮಡುವಿನ ಆಳ ಊರಿನವರಿಗೆ ಗೊತ್ತು, ಬಸ್ಸಿನಿಂದ ಇಳಿದು ನೇರ ನೀರಿಗಿಳಿಯುವ ಹುಡುಗರಿಗೆ ಗೊತ್ತಿರುವುದಿಲ್ಲ. ಆಳದ ಜಾಗವನ್ನು ಗುರುತಿಸಿ ಎಚ್ಚರಿಕೆ ಫಲಕವನ್ನು ನೆಡುವ ಕಾಮಗಾರಿಗೆ ತಗಲುವ ವೆಚ್ಚ ಅತ್ಯಲ್ಪ. ಅದು ಯೋಜನೆಯಲ್ಲಿ ಸೇರದೇ ಹೋಗುವುದು, ಪರಿಚಯ ಪುಟದಲ್ಲಿ ‘ಬಂದುಹೋಗುವವರು’ ಎಂಬ ಸಾಲು ಇಲ್ಲದಿರುವುದರಿಂದ.

ಜಾತ್ರೆ, ಸಂತೆ, ಉರುಸು, ಕಲ್ಯಾಣ ಮಂಟಪ, ವಸತಿ ಶಾಲೆ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಳ್ಳುವ ಕುಟುಂಬಗಳು ಹೀಗೆ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಇಂತಹ ಜನರಿರುತ್ತಾರೆ.

7. ಮಾನ್ಯ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಮುಂದಿನ ವಾರ್ಡ್ ಸಭೆಗಿಂತ ಮೊದಲು ಈ ಕೆಳಗಿನ ಕೆಲಸಗಳನ್ನು ಮಾಡಿಕೊಂಡರೆ ಪರಿಚಯ ಪುಟವನ್ನು ಹೊಸದಾಗಿ ಬರೆಯಬಹುದು. ಇವುಗಳಿಗೆ ಪ್ರತ್ಯೇಕ ಅನುದಾನದ ಅಗತ್ಯವಿಲ್ಲ.

(ಅ) ತಮ್ಮ ವಾರ್ಡಿನ ಕೆರೆ, ಹಳ್ಳ, ರಾಜಕಾಲುವೆ, ಗೋಮಾಳ ಮತ್ತು ತಗ್ಗು ಪ್ರದೇಶಗಳನ್ನು ಗ್ರಾಮ ನಕ್ಷೆಯೊಂದಿಗೆ ನಡೆದು ನೋಡುವುದು. ಅತಿ ಹೆಚ್ಚು ಮಳೆಯಾದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ನಕ್ಷೆಯಲ್ಲಿ ಗುರುತಿಸುವುದು.

(ಆ) ಊರಿನ ಶಾಸನ, ವೀರಗಲ್ಲು, ಹಳೆಯ ಬಾವಿ, ಕಲ್ಯಾಣಿ, ದೇವಾಲಯ, ಮಸೀದಿ, ಬಸದಿಗಳ ಪಟ್ಟಿ ಮಾಡಿ, ಯಾವುದು ಸಂರಕ್ಷಿತ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಐತಿಹ್ಯಗಳನ್ನು ಪ್ರತ್ಯೇಕವಾಗಿ ಬರೆಯುವುದು.

(ಇ) 2011ರ ಅಂಕಿಯ ಪಕ್ಕದಲ್ಲಿ ಇಂದಿನ ಅಂದಾಜನ್ನು ಬರೆಯುವುದು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮನೆ ಸಮೀಕ್ಷೆ, ಕರ ವಸೂಲಿಗಾರರ ಬಳಿಯ ಮನೆಗಳ ಪಟ್ಟಿ, ನಲ್ಲಿ ಸಂಪರ್ಕಗಳ ಸಂಖ್ಯೆ ಈ ಮೂರನ್ನು ತಾಳೆ ನೋಡುವುದು. ಮೂರೂ ಹೊಂದದಿದ್ದರೆ ಹೊಂದದ ಬೀದಿಗೆ ತಾವೇ ಹೋಗಿ ಎಣಿಸುವುದು. ಪ್ರತಿ ಅಂಕಿಯ ಮುಂದೆ ದಿನಾಂಕ ಬರೆಯುವುದು.

(ಈ) ಹೊರಗಿನಿಂದ ಬರುವವರ ಸಂಖ್ಯೆ ಹೆಚ್ಚುವ ದಿನಗಳನ್ನು ತಿಂಗಳವಾರು ಪಟ್ಟಿ ಮಾಡುವುದು.

(ಉ) 2025ರ ಜೂನ್ 16ರ ಅಧಿಸೂಚನೆಯಂತೆ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವಾಗಿದೆ. ಮನೆಪಟ್ಟಿ ತಯಾರಿಸುವ ಮೊದಲ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ನಿಗದಿಯಾಗಿದ್ದು, ಮೊಬೈಲ್ ಆ್ಯಪ್ ಮೂಲಕ ಮಾಹಿತಿ ಸಂಗ್ರಹಿಸುವ ಹಾಗೂ ಜನರೇ ಸ್ವಯಂ ಗಣತಿ ಮಾಡಿಕೊಳ್ಳುವ ಅವಕಾಶವಿದೆ. ತೋಟದ ಮನೆ, ಹೊಸ ಬಡಾವಣೆ, ಗುಡಿಸಲುಗಳು ಗಣತಿದಾರರ ಕಣ್ಣಿಗೆ ತಪ್ಪದಂತೆ ದಾರಿ ತೋರಿಸುವುದು ತಮ್ಮಿಂದ ಮಾತ್ರ ಸಾಧ್ಯ. ಈ ಬಾರಿ ಬಿಟ್ಟುಹೋದ ಮನೆ ಮುಂದಿನ ಗಣತಿಯವರೆಗೂ ಬಿಟ್ಟುಹೋದಂತೆಯೇ.

ತಲಕಾಡಿನ ನೆಲದ ಮೇಲೆ ಗಂಗರ, ಚೋಳರ, ಹೊಯ್ಸಳರ ಆಳ್ವಿಕೆಗಳು ಬಂದುಹೋದವು. ಅವರು ಕಟ್ಟಿದ ಕಲ್ಲಿನ ಕಟ್ಟಡಗಳನ್ನು ಉತ್ಖನನ ಮಾಡಿ ಹೊರತೆಗೆಯಲಾಗಿದೆ. ಆದರೆ ವರ್ಷಕ್ಕೆ ಹತ್ತು ಅಡಿಯಂತೆ ಬರುತ್ತಿದ್ದ ಮರಳಿನ ಮುಂದೆ ಮನೆ ಬಿಟ್ಟು, ಮತ್ತೆ ಮನೆ ಕಟ್ಟಿ, ಗದ್ದೆ ಉತ್ತು ಊರನ್ನು ಉಳಿಸಿದ ಸಾಮಾನ್ಯ ಕುಟುಂಬಗಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅಂಥವರ ಇಂದಿನ ಪೀಳಿಗೆಯನ್ನು ದಾಖಲಿಸುವ ಅವಕಾಶ ನಮ್ಮ ಗ್ರಾಮ ಪಂಚಾಯತಿಗಳ ಕೈಯಲ್ಲಿದೆ. ಈ ಸಾಲಿನ ಗ್ರಾಮ ಸಭೆಯಲ್ಲಿ ಕಾಮಗಾರಿಗಳ ಪಟ್ಟಿಗೆ ಹೋಗುವ ಮೊದಲು ಪರಿಚಯ ಪುಟವನ್ನು ಗಟ್ಟಿಯಾಗಿ ಓದಿಸಬೇಕೆಂದೂ, ತಪ್ಪಿದ್ದರೆ ತಿದ್ದಲು ಗ್ರಾಮಸ್ಥರನ್ನು ಕೋರಬೇಕೆಂದೂ ಮಾನ್ಯ ಸದಸ್ಯರಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಮೈಸೂರು ಜಿಲ್ಲೆ